ಉಪ್ಪಿನ ಮಳಿಗೆಗೆ ಮರದ ಮೊಳೆ

ಮಾರ್ಚ್ 10, ಸೋಮವಾರ

ಈ ಡೈರಿ ಬರೆಯಲು ಕಾರಣ ನನ್ನ ಬಿಪಿ. ಮೊನ್ನೆ ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ, ಯಂತ್ರ ನೋಡಿ, ಮುಖ ಸಿಂಡರಿಸಿ, "ಕೂಗಾಟ ಕಡಿಮೆ ಮಾಡ್ಬೇಕು" ಅಂದರು. ನನಗೆ ಹೇಳಿದ್ದರೆ ಮರೆತುಬಿಡುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ ತನುಜಾಗೆ ಹೇಳಿದರು. ಅವಳು ಮನೆಗೆ ಬಂದವಳೇ ಸೊಸೈಟಿಯವರು ಹಂಚಿದ್ದ ಡೈರಿ ಹುಡುಕಿ ತಂದು ಕೈಗಿಟ್ಟಳು. "ಬೈಯೋದೆಲ್ಲ ಇದ್ರಲ್ಲಿ ಬೈಕೊಳ್ಳಿ. ನಾನಂತೂ ಓದಲ್ಲ. ಎದುರಿಗೆ ಕೇಳಿದ್ದೇ ಸಾಕಾಗಿದೆ."

ಸರಿ, ಶುರು ಮಾಡುತ್ತೇನೆ. ಇವತ್ತು ಶಿವಮೊಗ್ಗದ ಕೋಟೆ ಕಡೆಯ ಹಳೇ ಮಳಿಗೆಯ ಬೀಗದ ಕೈ ನನ್ನ ಕೈಗೆ ಬಂತು. ನನ್ನ ಕಸುಬು ಹಳೆ ಕಟ್ಟಡ ಕೊಂಡು, ಬಿಚ್ಚಿ, ಕಂಬ ತೊಲೆ ಬಾಗಿಲು ಹೆಂಚು ಅಂತ ಬಿಡಿಬಿಡಿಯಾಗಿ ಮಾರುವುದು. ಮಳಿಗೆಯ ಯಜಮಾನರು ದುರ್ಗಿಗುಡಿಯ ಗಣಪಯ್ಯನವರು. ಅವರ ಮನೆಯವರು ಆ ಜಾಗದಲ್ಲಿ ಕಾಂಪ್ಲೆಕ್ಸ್ ಕಟ್ಟಿಸುತ್ತಾರಂತೆ. ಮೇ ಮುಗಿಯುವುದರೊಳಗೆ ನೆಲ ಸಪಾಟಾಗಿರಬೇಕು ಎಂಬುದು ಕರಾರು. ಹೋದ ವರ್ಷ ತೀರ್ಥಹಳ್ಳಿಯ ಮನೆಯೊಂದನ್ನು ಬಿಚ್ಚುವಾಗ ಮಳೆಗೆ ಸಿಕ್ಕಿ ಒಳ್ಳೊಳ್ಳೆ ಮರವೆಲ್ಲ ಬೂಷ್ಟು ಹಿಡಿಯಿತು. ಈ ಸಲ ಹಾಗಾಗಲು ಬಿಡುವುದಿಲ್ಲ. ಏನೇ ಆಗಲಿ, ಮೋಡ ಕಾಣುವ ಮೊದಲು ಮಳಿಗೆ ಕೆಳಗಿಳಿದು ಮಾರಾಟವಾಗಿರಬೇಕು.

ಊಟಕ್ಕೆ ಕೂತಾಗ ಅಪ್ಪನಿಗೆ ವಿಷಯ ಹೇಳಿದೆ. ಅಪ್ಪ, ಅಂದರೆ ಮುರುಗೇಶಪ್ಪನವರು, ಭದ್ರಾವತಿಯ ಕಾರ್ಖಾನೆಯಲ್ಲಿ ಕಬ್ಬಿಣ ಕಾಯಿಸಿ ಬಡಿದವರು. ನನ್ನ ಕಸುಬು ಕಂಡರೆ ಆಗುವುದಿಲ್ಲ. ತುತ್ತು ಕೈಯಲ್ಲಿ ಹಿಡಿದುಕೊಂಡೇ, "ಅದು ಬೀಳಲ್ಲ ಕಣೋ" ಅಂದರು. "ಯಾಕೆ?" ಅಂದೆ. "ಅದಕ್ಕೆ ನನ್ನ ಪಟ್ಟಿ ಹಾಕಿದೆ. ನಂಗೆ ಇಪ್ಪತ್ತೆರಡಿದ್ದಾಗ ನಡುವಿನ ತೊಲೆ ಬಿರುಕು ಬಿಟ್ಟಿತ್ತು. ಭದ್ರಾವತಿಯಿಂದ ನಾನೇ ಹೋಗಿ ಕಬ್ಬಿಣದ ಪಟ್ಟಿ ಬಿಗಿದು ಬಂದಿದ್ದೆ. ನನ್ನಂಥೋರು ನಿಲ್ಸಿದ್ದನ್ನ ಕೆಡವೋಕೆ ಹೊರಟಿದೀಯ."

ಕಟ್ಟುವವನ ಮಗ ಕೆಡವುವವನಾದ ಎಂಬ ಈ ಹಾಡನ್ನು ನಾನು ವರ್ಷಗಟ್ಟಲೆ ಕೇಳಿದ್ದೇನೆ. ಕೂಗಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ: ಆ ಪಟ್ಟಿಯನ್ನು ಬಿಚ್ಚಿ ತಂದು ಅವರ ತಟ್ಟೆಯ ಪಕ್ಕದಲ್ಲೇ ಇಡುತ್ತೇನೆ.

ಮಾರ್ಚ್ 13, ಗುರುವಾರ

ಇವತ್ತು ರಂಗಪ್ಪನ ಜೊತೆ ಇಡೀ ಮಳಿಗೆ ಸುತ್ತಿದೆ. ರಂಗಪ್ಪ ನನ್ನ ಮೇಸ್ತ್ರಿ. ಕೆಲಸದಲ್ಲಿ ಹುಲಿ, ಮಾತಿನಲ್ಲಿ ತಲೆನೋವು.

ಸರಕು ಚೆನ್ನಾಗಿದೆ. ಉದ್ದನೆಯ ಕಟ್ಟಡ, ನಡುವೆ ಮಾಡಿನ, ಅಂದರೆ ಹೆಂಚಿನ ಸೂರಿನ, ತುದಿಯವರೆಗೂ ಎದ್ದ ಜಂಬಿಟ್ಟಿಗೆ ಗೋಡೆ. ಗೋಡೆಯ ಈ ಕಡೆ ಅಡಿಕೆ ಇಡುತ್ತಿದ್ದರಂತೆ, ಆ ಕಡೆ ಉಪ್ಪು. ಎದುರಿಗೆ ಎತ್ತಿನ ಗಾಡಿಯ ಎತ್ತರಕ್ಕೆ ಸರಿಯಾಗಿ ಕಲ್ಲಿನ ಜಗಲಿ. ಗಾಡಿಯನ್ನು ಹಿಂದಕ್ಕೆ ತಳ್ಳಿ ನಿಲ್ಲಿಸಿದರೆ ಮೂಟೆಯನ್ನು ಎತ್ತುವುದೇ ಬೇಡ, ಎಳೆದುಕೊಂಡರೆ ಆಯಿತು. ಮಾಡು ಸಿಕ್ಕಾಪಟ್ಟೆ ಕಡಿದು. ಶಿವಮೊಗ್ಗದ ಮಳೆಗೆ ಅಷ್ಟು ಇಳಿಜಾರು ಯಾಕೆ ಬೇಕಿತ್ತೋ ಗೊತ್ತಿಲ್ಲ. ಉಪ್ಪಿನ ಕಡೆಯ ಕಂಬಗಳು ಬೂದಿ ಬಣ್ಣಕ್ಕೆ ತಿರುಗಿ, ಸವರಿದರೆ ರೇಷ್ಮೆ ಸೀರೆ ಮುಟ್ಟಿದ ಹಾಗೆ ನುಣುಪಾಗಿವೆ. ಗೆದ್ದಲು ಒಂದು ಗೆರೆಯನ್ನೂ ಎಳೆದಿಲ್ಲ.

ಮಧ್ಯಾಹ್ನ ಸಮತಾ ಮೇಡಂ ಬಂದರು. ಚಿಕ್ಕಮಗಳೂರು ಕಡೆಯ ರೆಸಾರ್ಟೊಂದಕ್ಕೆ ಒಳಾಂಗಣ ಮಾಡಿಕೊಡುವವರು. ಬೂದಿ ಬಣ್ಣದ ಕಂಬ ನೋಡಿ, "ವೀರೇಂದ್ರ ಅವ್ರೇ, ಇದನ್ನ ಬೇರೆ ಯಾರಿಗೂ ತೋರಿಸ್ಬೇಡಿ" ಅಂದರು. ಕಂಬ ಆರು, ದೊಡ್ಡ ಬಾಗಿಲು, ನಡುವಿನ ತೊಲೆ, ಇಷ್ಟು ಅವರಿಗೆ. ಊಟದ ಹಾಲಿಗೆ ಹಾಕುತ್ತಾರೆ. ಮೇ ಮೊದಲ ವಾರ ಲಾರಿ ಕಳಿಸುತ್ತಾರೆ. ಉಳಿದದ್ದನ್ನು ಯಾರಿಗೆ ಬೇಕಾದರೂ ಮಾರಿಕೊಳ್ಳಬಹುದು. ಶುರುವಿನಲ್ಲೇ ಇಂಥ ಗಿರಾಕಿ ಸಿಕ್ಕಿದ್ದು ಅದೃಷ್ಟ.

ಮಾರ್ಚ್ 19, ಬುಧವಾರ

ಹೆಂಚು ಇಳಿಯಿತು. ಉಪ್ಪಿನ ಕಡೆಯ ಮಾಡು ಬಿಚ್ಚಲು ಹತ್ತಿದರೆ ಒಂದು ಕಬ್ಬಿಣದ ಮೊಳೆ ಇಲ್ಲ! ಎಲ್ಲ ಮರದ ಮೊಳೆ. ಹೆಬ್ಬೆರಳು ಗಾತ್ರದ ಗಟ್ಟಿ ಮರವನ್ನು ತೂತಿಗೆ ಹೊಡೆದು ಕೂರಿಸಿದ್ದಾರೆ. ಮೊಳೆಯಾದರೆ ಕಿತ್ತು ಬಿಸಾಡಬಹುದು. ಇದನ್ನು ಒಂದೊಂದನ್ನೂ ಡ್ರಿಲ್ಲಿನಲ್ಲಿ ಕೊರೆದು ತೆಗೆಯಬೇಕು. ಎಂಥ ಜಿಪುಣನಪ್ಪ ಇದನ್ನು ಕಟ್ಟಿದವನು! ಅಷ್ಟು ಮರ ತರಿಸಿದವನಿಗೆ ಮೊಳೆ ತರಿಸಲು ಗತಿ ಇರಲಿಲ್ಲವೇ? ಬೆಳಿಗ್ಗೆಯಿಂದ ಸಂಜೆವರೆಗೆ ಬೈದೆ. ರಂಗಪ್ಪ, "ಅಣ್ಣ, ಬಿಪಿ" ಅಂದ. ಅವನಿಗೆ ಯಾರು ಹೇಳಿದರು?

ಮಾರ್ಚ್ 24, ಸೋಮವಾರ

ಗಣಪಯ್ಯನವರು ಆಟೋದಲ್ಲಿ ಬಂದು, ಜಗಲಿಯ ಮೇಲೆ ಕುರ್ಚಿ ಹಾಕಿಸಿಕೊಂಡು, ಕೊಡೆ ಬಿಡಿಸಿ ಕೂತರು. ಎಂಬತ್ತು ದಾಟಿದವರು. ಮನಸ್ಸು ಬದಲಾಯಿಸಿ ಕೆಲಸ ನಿಲ್ಲಿಸಿ ಅಂತಾರೇನೋ ಅಂದುಕೊಂಡೆ. ಹಾಗೇನೂ ಇಲ್ಲ.

"ಇದರ ಹೆಸರು ಗೊತ್ತಾ ನಿಮಗೆ?" ಅಂದರು. "ಬಂದರು. ಕೋಟೆ ಕಡೆಯವರೆಲ್ಲ ಹಾಗೇ ಕರೀತಿದ್ರು ಮಾರಾಯ್ರೆ. ಬಂದರಿಗೆ ಹೋಗಿ ಉಪ್ಪು ತಾ ಅಂದ್ರೆ ಇಲ್ಲಿಗೇ ಬರೋದು. ನಾನು ಸಣ್ಣವನಿದ್ದಾಗ ಸ್ಕೂಲಲ್ಲಿ ಮೇಷ್ಟ್ರು ಬಂದರುಗಳ ಹೆಸರು ಹೇಳು ಅಂದ್ರು. ಮಂಗಳೂರು, ಹೊನ್ನಾವರ, ಶಿವಮೊಗ್ಗ ಅಂದೆ. ಕೈಮೇಲೆ ಬರೆ ಬರೋ ಹಾಗೆ ಬಾರಿಸಿದ್ರು."

ಅವರ ಅಜ್ಜನ ಗಾಡಿಗಳು ಅಡಿಕೆ ಹೇರಿಕೊಂಡು ಘಟ್ಟ ಇಳಿದು ಹೊನ್ನಾವರಕ್ಕೆ ಹೋಗುತ್ತಿದ್ದವಂತೆ. ಬರುವಾಗ ಉಪ್ಪು. ಮಳೆ ಹಿಡಿದರೆ ಘಟ್ಟದ ದಾರಿ ಬಂದ್, ಮಳೆಗಾಲ ಮುಗಿಯುವ ತನಕ ಇಡೀ ಪೇಟೆಗೆ ಈ ಗೋಡೆಯೊಳಗಿನ ಉಪ್ಪೇ ಗತಿ. ಹೊನ್ನಾವರದ ಬಂದರಿನಲ್ಲಿ ಉಪ್ಪಿನ ಮಳಿಗೆ ಕಟ್ಟುತ್ತಿದ್ದ ಬಡಗಿಗಳನ್ನೇ ಅಜ್ಜ ಗಾಡಿಯಲ್ಲಿ ಕೂರಿಸಿಕೊಂಡು ಬಂದು, ಅಲ್ಲಿನ ಹಾಗೇ ಇಲ್ಲೊಂದು ಕಟ್ಟಿಸಿದರು. ಮಾಡು ಅಷ್ಟು ಕಡಿದಾಗಿರುವುದು ಅದಕ್ಕೆ. ಕರಾವಳಿಯ ಮಳೆಗೆ ಕಟ್ಟಿ ರೂಢಿಯಾದ ಕೈ, ಇಲ್ಲಿಯೂ ಹಾಗೇ ಕಟ್ಟಿತು.

"ಕೆಡವೋಕೆ ಬೇಜಾರಿಲ್ವಾ ಯಜಮಾನ್ರೇ?" ಅಂತ ಕೇಳಿದೆ.

"ಬೇಜಾರಿಲ್ಲದೆ ಇರುತ್ತಾ? ಆದ್ರೆ ಇಪ್ಪತ್ತು ವರ್ಷದಿಂದ ಖಾಲಿ. ಖಾಲಿ ಮಳಿಗೆ ನೋಡೋದು ಇನ್ನೂ ಬೇಜಾರು."

ಮಾರ್ಚ್ 31, ಸೋಮವಾರ

ಯುಗಾದಿ ಮುಗಿದು ಕೆಲಸಕ್ಕೆ ಅರ್ಧ ಜನ ಬಂದಿಲ್ಲ. ಇದ್ದವರನ್ನು ಕಟ್ಟಿಕೊಂಡು ಅಡಿಕೆ ಕಡೆಯ ಮಾಡಿಗೆ ಕೈ ಹಾಕಿದೆ. ಅಲ್ಲಿ ಪೂರ್ತಿ ಕಬ್ಬಿಣದ ಮೊಳೆ! ಒಳ್ಳೆ ಚೌಕ ತಲೆಯ, ಕುಲುಮೆಯಲ್ಲಿ ಬಡಿದ ಮೊಳೆಗಳು. ಬಾಗಿಲಿಗೆ ಕಬ್ಬಿಣದ ತಿರುಗಣಿ, ಕಬ್ಬಿಣದ ಚಿಲಕ. ನಡುಗೋಡೆ ದಾಟಿ ಆಚೆ ಹೋದರೆ ಬಾಗಿಲೂ ಮರದ ಗೂಟದ ಮೇಲೆಯೇ ತಿರುಗುತ್ತದೆ.

ಅಂದರೆ ಅವರ ಹತ್ತಿರ ಕಬ್ಬಿಣ ಇತ್ತು. ಇದ್ದೂ ಉಪ್ಪಿನ ಕಡೆ ಹಾಕಲಿಲ್ಲ. ಜಗಲಿಯಲ್ಲಿ ಕೂತು ಟೀ ಕುಡಿಯುವಾಗ ತಲೆಗೆ ಹೊಳೆಯಿತು. ಉಪ್ಪಿನ ಗಾಳಿಗೆ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಉಬ್ಬಿ ಮರವನ್ನು ಸೀಳುತ್ತದೆ. ಬಂದರಿನವರಿಗೆ ಅದು ಗೊತ್ತಿತ್ತು. ಮೊನ್ನೆ ಇದನ್ನು ಕಟ್ಟಿದವನನ್ನು ಜಿಪುಣ ಅಂದಿದ್ದೆನಲ್ಲ, ಅದನ್ನು ವಾಪಸ್ ತೆಗೆದುಕೊಂಡಿದ್ದೇನೆ.

ಏಪ್ರಿಲ್ 3, ಗುರುವಾರ

ಉಪ್ಪಿನ ಕಡೆಯ ನೆಲ ಗುಡಿಸಿಸಿದೆ. ಬೇಕಿರಲಿಲ್ಲ. ನೆಲದ ಚಪ್ಪಡಿ ನನಗೆ ಸೇರಿದ್ದೂ ಅಲ್ಲ. ಜೇಬಿನಿಂದ ಬಿದ್ದ ನಾಣ್ಯವೊಂದು ತಾನಾಗಿಯೇ ಒಂದು ಕಡೆಗೆ ಉರುಳಿದ್ದು ನೋಡಿ ಕುತೂಹಲ ಹುಟ್ಟಿತು, ಅಷ್ಟೆ.

ನೆಲ ಸಮ ಇಲ್ಲ. ಕಣ್ಣಿಗೆ ಕಾಣದಷ್ಟು ಇಳಿಜಾರು, ನಾಲ್ಕೂ ಕಡೆಯಿಂದ ಒಂದು ಕಲ್ಲಿನ ಕಾಲುವೆಗೆ. ಕಾಲುವೆ ಗೋಡೆಯ ಬುಡದಲ್ಲಿ ತೂರಿ ಹೊರಗಿನ ಕಲ್ಲು ದೋಣಿಗೆ, ಅಂದರೆ ಉದ್ದನೆಯ ತೊಟ್ಟಿಗೆ, ಬೀಳುತ್ತದೆ. ಮಳೆಗಾಲದಲ್ಲಿ ಉಪ್ಪು ನೀರು ಬಿಟ್ಟರೆ ಒಳಗೆ ನಿಲ್ಲದೆ ಹರಿದುಹೋಗಿ ದೋಣಿಯಲ್ಲಿ ಸೇರಬೇಕು. ಆ ನೀರನ್ನು ಜಾನುವಾರಿನ ಕಲಗಚ್ಚಿಗೆ ಬೆರೆಸಲು ಜನ ಒಯ್ಯುತ್ತಿದ್ದರು ಎಂದು ಗಣಪಯ್ಯನವರು ಹೇಳಿದರು. ಅಡಿಕೆ ಕಡೆ ಬೇರೆಯೇ ಲೆಕ್ಕ. ಅಲ್ಲಿ ಹಲಗೆಯ ನೆಲ, ಕೆಳಗೆ ಗಿಡ್ಡ ಕಲ್ಲುಗಂಬ, ಅದರ ನಡುವೆ ಗಾಳಿ. ಒಂದೇ ಸೂರಿನಡಿ ಒಂದು ಕಡೆ ತಾನೇ ನೀರು ಬಿಡುವ ಸರಕು, ಇನ್ನೊಂದು ಕಡೆ ಒದ್ದೆಯಾದರೆ ಸಾಯುವ ಸರಕು. ನಡುವೆ ಆ ಗೋಡೆ. ಎಷ್ಟು ಚೆಂದ ಯೋಚಿಸಿದ್ದಾರೆ!

ಯಾರೂ ಇಲ್ಲ ಅಂದುಕೊಂಡು ಕಂಬವನ್ನು ನಾಲಿಗೆಯ ತುದಿಯಿಂದ ಮುಟ್ಟಿ ನೋಡಿದೆ. ಉಪ್ಪು. ಇನ್ನೂ ಉಪ್ಪು! ಹಿಂದೆ ರಂಗಪ್ಪ ನಿಂತಿದ್ದ. "ಅಣ್ಣ, ಮನೇಲಿ ಊಟ ಹಾಕ್ತಿಲ್ವಾ ಅಕ್ಕ?" ಅಂದ.

ಏಪ್ರಿಲ್ 8, ಮಂಗಳವಾರ

ಇವತ್ತಿನಿಂದ ಪ್ರತಿ ಮರಕ್ಕೂ ಬಣ್ಣದಲ್ಲಿ ಗುರುತು ಹಾಕಿಸುತ್ತಿದ್ದೇನೆ. ಯಾವ ಕಂಬ, ಯಾವ ಮೂಲೆ, ಯಾವ ಮುಖ ಒಳಗೆ, ಯಾವುದು ಹೊರಗೆ. ಉಪ್ಪಿನ ಕಡೆಗೆ ಬಿಳಿ, ಅಡಿಕೆ ಕಡೆಗೆ ಕೆಂಪು. ರಂಗಪ್ಪ ಕುಂಚ ಹಿಡಿದು ನನ್ನನ್ನೇ ನೋಡಿದ.

"ಇದನ್ನ ಮತ್ತೆ ಕಟ್ಟೋ ಗಿರಾಕಿ ಸಿಕ್ಕಿದ್ರಾ?"

"ಇಲ್ಲ."

"ಮತ್ತೆ ಯಾರಿಗೆ ಗುರುತು?"

ನಮ್ಮ ಕಸುಬಿನಲ್ಲಿ ಯಾರಾದರೂ ಇಡಿಯಾಗಿ ಕೊಂಡು ಬೇರೆ ಕಡೆ ಎಬ್ಬಿಸುವುದಾದರೆ ಮಾತ್ರ ಗುರುತು ಹಾಕುವುದು. ಬಿಡಿ ಮಾರಾಟಕ್ಕೆ ಅದು ದಂಡ. "ಮರ ಅದಲುಬದಲು ಆಗಬಾರದು, ನಿನಗ್ಯಾಕೆ ಉಸಾಬರಿ" ಅಂತ ಹೇಳಿ ಕಳಿಸಿದೆ. ಸರಕನ್ನು ಅಚ್ಚುಕಟ್ಟಾಗಿ ಇಟ್ಟುಕೊಂಡರೆ ಗಿರಾಕಿಗೂ ನಂಬಿಕೆ ಬರುತ್ತದೆ. ಅದಕ್ಕೇ ಹಾಕಿಸುತ್ತಿರುವುದು.

ಏಪ್ರಿಲ್ 15, ಮಂಗಳವಾರ

ಅಪ್ಪನ ಪಟ್ಟಿ ಸಿಕ್ಕಿತು.

ಉಪ್ಪಿನ ಕಡೆಯ ನಡುತೊಲೆಯ ತುದಿಯಲ್ಲಿ, ಗೋಡೆಗೆ ತಾಗಿದ ಕಡೆ. ಕೆಳಗಿಂದ ನೋಡಿದರೆ ಕಪ್ಪಗೆ, ಗಟ್ಟಿಯಾಗಿ ಕಾಣುತ್ತಿತ್ತು. ಏಣಿ ಹತ್ತಿ ಉಳಿಯಲ್ಲಿ ತಟ್ಟಿದರೆ ಪದರ ಪದರವಾಗಿ ಉದುರಿತು, ಹಪ್ಪಳದ ಹಾಗೆ. ಬೋಲ್ಟುಗಳು ಉಬ್ಬಿ ತೊಲೆಯನ್ನು ಉದ್ದಕ್ಕೂ ಸೀಳಿವೆ. ಮೊದಲಿನ ಬಿರುಕು ಒಂದು ಗೇಣು. ಪಟ್ಟಿ ಮಾಡಿದ ಬಿರುಕು ಮಾರುದ್ದ. ಮಳಿಗೆ ಇಷ್ಟು ದಿನ ನಿಂತದ್ದು ಅಪ್ಪನ ಪಟ್ಟಿಯಿಂದಲ್ಲ, ಪಟ್ಟಿ ಇದ್ದೂ ನಿಂತಿದೆ. ಪಕ್ಕದ ತೊಲೆಗಳು ಭಾರ ಹಂಚಿಕೊಂಡಿವೆ.

ಭದ್ರಾವತಿಯವರು ಮಾತ್ರ ಮಾಡಬಹುದಾದ ತಪ್ಪು ಇದು. ನಮ್ಮೂರಲ್ಲಿ ಮಂಚ ಅಲುಗಿದರೂ ಕಬ್ಬಿಣದ ಪಟ್ಟಿ, ಬಕೆಟ್ ಸೋರಿದರೂ ಕಬ್ಬಿಣದ ಪಟ್ಟಿ. ಇಡೀ ಕಟ್ಟಡ ಕಬ್ಬಿಣ ಬೇಡ, ಬೇಡ ಅಂತ ಹೇಳುತ್ತಿರುವಾಗ ಇಪ್ಪತ್ತೆರಡರ ಹುಡುಗನೊಬ್ಬ ಹೆಮ್ಮೆಯಿಂದ ಹೋಗಿ ಬಿಗಿದು ಬಂದಿದ್ದಾನೆ.

ರಂಗಪ್ಪ ಪಟ್ಟಿಯ ಚೂರುಗಳನ್ನು ಗೋಣಿಗೆ ತುಂಬಿದ. "ಗುಜರಿಗಾ?" ಅಂದ. ಬೇಡ ಅಂತ ಪಿಕಪ್ಪಿನ ಸೀಟಿನ ಹಿಂದೆ ಇಟ್ಟುಕೊಂಡೆ.

ಏಪ್ರಿಲ್ 16, ಬುಧವಾರ

ಗೋಣಿ ಇನ್ನೂ ಗಾಡಿಯಲ್ಲೇ ಇದೆ. ನಿನ್ನೆ ಸುಸ್ತಾಗಿತ್ತು, ಇಳಿಸಲಿಲ್ಲ.

ಏಪ್ರಿಲ್ 30, ಬುಧವಾರ

ಬಸವ ಜಯಂತಿ. ಕೆಲಸಕ್ಕೆ ರಜೆ. ತನುಜಾ ಹೋಳಿಗೆ ಮಾಡಿದ್ದಳು. ಅಪ್ಪ ಪೂಜೆ ಮುಗಿಸಿ ವಿಭೂತಿ ಹಣೆಯಲ್ಲೇ ಊಟಕ್ಕೆ ಬಂದು ಕೂತರು. ಕಾರ್ಖಾನೆಯ ಕಡೆಯಿಂದ ಸದ್ದು ಕಡಿಮೆಯಾದಾಗಿನಿಂದ ಅಪ್ಪನ ಮಾತೂ ಕಡಿಮೆ. ಇವತ್ತು ತಾವಾಗಿಯೇ ಕೇಳಿದರು.

"ನಡುತೊಲೆ ಇಳಿಸಿದ್ಯಾ?"

"ಹ್ಞೂಂ."

"ಪಟ್ಟಿ?"

ತಟ್ಟೆಯ ಪಕ್ಕ ಇಡುತ್ತೇನೆ ಎಂದು ಬರೆದದ್ದು ನೆನಪಿತ್ತು. ಗಾಡಿ ಬಾಗಿಲಲ್ಲೇ ನಿಂತಿತ್ತು. "ಬಿಚ್ಚೋಕೆ ತುಂಬಾ ಕಷ್ಟ ಆಯ್ತಪ್ಪ" ಅಂದೆ. ಸುಳ್ಳೇನಲ್ಲ. ಅಪ್ಪ ಹೋಳಿಗೆಗೆ ಇನ್ನೊಂದು ಚಮಚ ತುಪ್ಪ ಹಾಕಿಸಿಕೊಂಡು, "ಆಗ್ಲೇಬೇಕು" ಅಂದರು.

ಹಬ್ಬದ ದಿನ ಯಾಕೆ ಜಗಳ, ಬಿಪಿ ಬೇರೆ.

ಮೇ 6, ಮಂಗಳವಾರ

ಸಮತಾ ಮೇಡಂ ಲಾರಿಯ ಜೊತೆ ತಾವೇ ಬಂದರು. ಕಂಬಗಳನ್ನು ಜಗಲಿಯ ಮೇಲೆ ಸಾಲಾಗಿ ಮಲಗಿಸಿದ್ದೆವು. ಅವರ ಹುಡುಗರು ಟೇಪು ಹಿಡಿದರು. ಕಂಬ ಊಟದ ಹಾಲಿನ ಎತ್ತರಕ್ಕಿಂತ ಹೆಚ್ಚಂತೆ. "ಬುಡದಲ್ಲಿ ಎರಡಡಿ ಕೊಯ್ದು ಕೊಡಿ. ಆ ತೂತುಗಳನ್ನ ಪುಟ್ಟಿ ಹಾಕಿ ಮುಚ್ಚಿಬಿಡ್ತೀವಿ" ಅಂದರು.

ಮರದ ಮೊಳೆಯ ತೂತುಗಳನ್ನು.

ನಾನು ಅಂದೆ, "ಕೊಯ್ಯೋ ಹಾಗಿಲ್ಲ ಮೇಡಂ."

"ಮಾರೋಕೆ ಅಂತಾನೇ ಅಲ್ವಾ ಇಟ್ಟಿರೋದು?"

"ಇದ್ರ ಜೊತೆ ಉಳಿದ ಮರವೂ ಇದೆ. ಎಲ್ಲ ಒಟ್ಟಿಗೆ ತಗೊಂಡು, ಹೀಗೇ ಎಬ್ಬಿಸೋದಾದ್ರೆ ಕೊಡ್ತೀನಿ."

ಅವರಿಗೆ ನಿಜಕ್ಕೂ ಅರ್ಥವಾಗಲಿಲ್ಲ. ಅವರ ತಪ್ಪಿಲ್ಲ. ಮಾರ್ಚಿನಲ್ಲಿ ನಾನೇ ತಲೆಯಾಡಿಸಿ ಒಪ್ಪಿದ್ದೆ. ಬೇಕಾದರೆ ಅಡಿಕೆ ಕಡೆಯ ದೊಡ್ಡ ಬಾಗಿಲು ಒಯ್ಯಿರಿ ಎಂದೆ, ಬೇಡ ಅಂದರು. "ಕೊಟ್ಟ ಮಾತಿಗೆ ಬೆಲೆ ಇಲ್ವಾ ವೀರೇಂದ್ರ ಅವ್ರೇ?" ಅಂತ ಕೇಳಿ ಕಾರು ಹತ್ತಿದರು. ಖಾಲಿ ಲಾರಿ ಧೂಳೆಬ್ಬಿಸಿಕೊಂಡು ಹೋಯಿತು. ಅವರು ಕೇಳಿದ್ದು ಚುರುಕ್ಕೆಂದಿತು. ಕಂಬಗಳಿಗೆ ನಾನೇ ಟಾರ್ಪಾಲು ಹೊದಿಸಿದೆ. ರಂಗಪ್ಪನೂ ಬಾಯಿ ಮುಚ್ಚಿಕೊಂಡಿದ್ದ, ಅಂದರೆ ನನ್ನ ಮುಖ ಹೇಗಿತ್ತೋ!

ಮೇ 9, ಶುಕ್ರವಾರ

ತನುಜಾಗೆ ಗೊತ್ತಾಯಿತು. ಅವಳು ಕೂಗಲಿಲ್ಲ. ಕೂಗಿದ್ದರೆ ಸಮಾಧಾನವಾಗುತ್ತಿತ್ತು.

"ಒಂದು ವರ್ಷದ ಸಂಸಾರ ಆ ಕಂಬದ ಮೇಲೆ ನಿಂತಿತ್ತು ರೀ. ಗಿರಾಕೀನ ವಾಪಸ್ ಕಳಿಸಿದ್ರಲ್ಲ, ಈಗ ಏನ್ಮಾಡ್ತೀರ ಅದನ್ನ?"

ಅಲ್ಲಿಯವರೆಗೂ ಏನು ಮಾಡುತ್ತೇನೆಂದು ನನಗೂ ಗೊತ್ತಿರಲಿಲ್ಲ. ಬಾಯಿಗೆ ಬಂದದ್ದು ಇದು: "ನಮ್ಮ ಯಾರ್ಡಲ್ಲಿ ಎಬ್ಬಿಸ್ತೀನಿ. ಗೋಡೌನ್ ಆಗುತ್ತೆ."

ಹೇಳಿದ ಮೇಲೆ ಸರಿಯಾಗಿಯೇ ಇದೆ ಅನ್ನಿಸಿತು. ಭದ್ರಾವತಿಯ ಹೊರಗಿನ ನಮ್ಮ ಯಾರ್ಡಿನಲ್ಲಿ ಇರುವುದು ಒಂದು ತಗಡಿನ ಶೆಡ್ಡು. ಪ್ರತಿ ಮಳೆಗಾಲ ಸೋರುತ್ತದೆ, ಪ್ರತಿ ಮಳೆಗಾಲ ಮರ ಹಾಳಾಗುತ್ತದೆ. ಒಂದು ಒಳ್ಳೆ ಗೋಡೌನ್ ಬೇಕೇಬೇಕಿತ್ತು. ಹೊಸದು ಕಟ್ಟಿಸುವ ಬದಲು ಇರುವುದನ್ನೇ ಎಬ್ಬಿಸುವುದು ಬುದ್ಧಿವಂತಿಕೆ. ಇದರಲ್ಲಿ ಹುಚ್ಚು ಏನಿದೆ?

ತನುಜಾ ನನ್ನ ಮುಖವನ್ನೇ ನೋಡಿ, "ಆ ಕಂಬ ಈ ಮಳೆಗಾಲದಲ್ಲಿ ಬಯಲಲ್ಲಿ ಕೊಳೆತ್ರೆ ಮಾತ್ರ ನಾನು ಸುಮ್ನಿರಲ್ಲ. ಎಬ್ಬಿಸ್ತೀನಿ ಅಂದ್ರಲ್ಲ, ಮಳೆ ಹಿಡಿಯೋದ್ರೊಳಗೆ ಎಬ್ಬಿಸಿ" ಅಂದಳು. ಎಬ್ಬಿಸುತ್ತೇನೆ.

ಮೇ 17, ಶನಿವಾರ

ಕೋಟೆ ಕಡೆ ನೆಲ ಸಪಾಟು. ಕರಾರಿಗಿಂತ ಮೊದಲೇ ಮುಗಿಸಿದೆ. ಕೊನೆಯ ಲಾರಿ ಹೊರಡುವಾಗ ಗಣಪಯ್ಯನವರು ಬಂದರು. ಎಲ್ಲಿಗೆ ಹೋಗುತ್ತಿದೆ ಎಂದು ಹೇಳಿದೆ. ಕೊಡೆ ಊರಿಕೊಂಡು ನಿಂತು, "ಭದ್ರಾವತಿಗೂ ಒಂದು ಬಂದರು ಬಂತು ಹಾಗಾದ್ರೆ" ಅಂದರು. ಆಮೇಲೆ ಕಲ್ಲಿನ ದೋಣಿ ತೋರಿಸಿ, "ಇದನ್ನೂ ಹೇರಿಕೊಳ್ಳಿ. ಕಾಂಪ್ಲೆಕ್ಸಲ್ಲಿ ಇದಕ್ಕೇನು ಕೆಲಸ?" ಅಂದರು. ಅವರ ಕಣ್ಣು ತುಂಬಿತ್ತು. ನಾನೂ ಕಣ್ಣೊರೆಸಿಕೊಂಡೆ. ಧೂಳು ಜಾಸ್ತಿ ಇತ್ತು ಎಂದು ಬರೆಯೋಣವೆಂದಿದ್ದೆ, ಆದರೆ ಧೂಳಿಗಲ್ಲ.

ಮೇ 22, ಗುರುವಾರ

ಕಂಬಕ್ಕೆ ಕಲ್ಲಿನ ಪೀಠ ಕೂರಿಸಿ ಆಯಿತು. ಗೋಡೆ ಮಳೆಗಾಲ ಕಳೆದ ಮೇಲೆ. ಈಗ ಕಂಬ ನಿಂತು ಮಾಡು ಮುಚ್ಚಿದರೆ ಸಾಕು. ಸೀಳಿದ ನಡುತೊಲೆಗೆ ಬದಲು ಅದೇ ಗಾತ್ರದ ಹಲಸಿನ ತೊಲೆ ನನ್ನಲ್ಲೇ ಇತ್ತು.

ಕಷ್ಟ ಬಂದದ್ದು ಮೊಳೆಯಲ್ಲಿ. ಹಳೇ ಮರದ ಮೊಳೆಗಳನ್ನೆಲ್ಲ ನಾವೇ ಕೊರೆದು ಪುಡಿ ಮಾಡಿದ್ದೇವೆ. ಹೊಸದು ರಾಶಿ ಬೇಕು, ಒಣಗಿದ ಗಟ್ಟಿ ಮರದಲ್ಲಿ ಬೇಕು, ಕೈಯಲ್ಲೇ ಕೆತ್ತಬೇಕು. ರಂಗಪ್ಪನ ಹುಡುಗರು ದಿನವಿಡೀ ಕೂತು ಒಂದು ಬುಟ್ಟಿ ಮಾಡಿದರು, ಅದರಲ್ಲಿ ಅರ್ಧ ಸೊಟ್ಟ.

ಮೇ 25, ಭಾನುವಾರ

ಮಳೆ ಬಂದೇಬಿಟ್ಟಿತು. ಜೂನ್ ತನಕ ಬರುವುದಿಲ್ಲ ಅಂದುಕೊಂಡಿದ್ದೆ. ನಿನ್ನೆಯಿಂದ ಬಿಟ್ಟಿಲ್ಲ. ಟಾರ್ಪಾಲು ಸಾಲದು. ಬಿಳಿ ಗುರುತಿನ ಮರಗಳು ಒಂದು ಮೂಲೆಯಲ್ಲಿ ನೆನೆಯುತ್ತಿವೆ. ನನ್ನನ್ನು ಯಾರೋ ಹೊಡೆಯುತ್ತಿರುವ ಹಾಗಿದೆ.

ಮೇ 27, ಮಂಗಳವಾರ

ಬೆಳಿಗ್ಗೆ ರಂಗಪ್ಪ ಹೇಳಿದ, "ಅಣ್ಣ, ಬೋಲ್ಟು ಹಾಕಿಬಿಡಾಣ. ನಾಕೇ ದಿನಕ್ಕೆ ಮಾಡು ಮುಚ್ಚಬೋದು. ಇಲ್ಲೇನು ಉಪ್ಪು ತುಂಬ್ತೀವಾ? ಹಳೇ ಬಾಗ್ಲು ಕಿಟಕಿ ತಾನೇ?"

ಮಾತು ಸರಿ. ಉಪ್ಪಿಲ್ಲದ ಕಡೆ ಕಬ್ಬಿಣ ಹಾಕಿದರೆ ಏನು ನಷ್ಟ? ಮಳೆ ಸುರಿಯುತ್ತಿತ್ತು, ಮರ ನೆನೆಯುತ್ತಿತ್ತು. ಸರಿ, ಹಾಕೋಣ ಅಂದೆ. ಬೋಲ್ಟಿನ ಡಬ್ಬ ತರಲು ಪಿಕಪ್ಪಿನ ಕಡೆ ಹೋದರೆ ಅಲ್ಲಿ ಅಪ್ಪ.

ಕೊಡೆ ಹಿಡಿದುಕೊಂಡು ಆಟೋದಲ್ಲಿ ಬಂದಿದ್ದಾರೆ. ಈ ಯಾರ್ಡಿಗೆ ಇವತ್ತಿನವರೆಗೂ ಕಾಲಿಟ್ಟವರಲ್ಲ. ತನುಜಾ ಕಳಿಸಿದ್ದಳೋ, ತಾವೇ ಬಂದರೋ ಕೇಳಲಿಲ್ಲ. ಗಾಡಿಯ ಬಾಗಿಲು ತೆರೆದಿತ್ತು. ಸೀಟಿನ ಹಿಂದಿನ ಗೋಣಿ ಅವರ ಕೈಯಲ್ಲಿತ್ತು.

"ಇದು ನಂದಲ್ವಾ?"

"ಹೌದಪ್ಪ."

ಒಂದು ಚೂರು ತೆಗೆದು ಬೆರಳಿನಲ್ಲಿ ಒತ್ತಿದರು. ಪುಡಿಯಾಯಿತು. ಇನ್ನೊಂದನ್ನು ತೆಗೆದರು. ಅದೂ. ನಾನು ಮಾರ್ಚಿನಲ್ಲಿ ಜೋಡಿಸಿಟ್ಟುಕೊಂಡಿದ್ದ ಮಾತು ಯಾವುದೂ ಈಗ ಬೇಕೆನ್ನಿಸಲಿಲ್ಲ. ಅಪ್ಪ ಕೆಸರಿನಲ್ಲಿ ನಡೆದು ಹೋಗಿ ಸೀಳಿದ ಹಳೇ ತೊಲೆಯ ಪಕ್ಕ ಕುಕ್ಕರಗಾಲಲ್ಲಿ ಕೂತರು. ಬಿರುಕಿನ ಉದ್ದಕ್ಕೂ ಕೈಯಾಡಿಸಿದರು. ಬೋಲ್ಟಿನ ಜಾಗದಿಂದ ಶುರುವಾಗಿ ತುದಿಯವರೆಗೆ.

"ಅವತ್ತು ಉಪ್ಪಿನ ಮೂಟೆ ಸರಿಸಿ ಏಣಿ ಇಟ್ಟಿದ್ವಿ" ಅಂದರು. "ಮೂಟೆ ಮೇಲೇ ಕೂತು ಬುತ್ತಿ ಉಂಡೆ. ಆದ್ರೂ ಹೊಳೀಲಿಲ್ಲ ನೋಡು."

"ಆಗ ನಿಮಗೆ ಇಪ್ಪತ್ತೆರಡರ ವಯಸ್ಸಪ್ಪ..."

"ವಯಸ್ಸಲ್ಲ ಕಣೋ. ಸೊಕ್ಕು. ಕಬ್ಬಿಣ ಅಂದ್ರೆ ಮುಗೀತು ಅನ್ನೋ ಸೊಕ್ಕು." ಆಮೇಲೆ ಗೋಣಿ ಕೆಳಗಿಟ್ಟು ಕೇಳಿದರು. "ಯಾಕೆ ತೋರಿಸ್ಲಿಲ್ಲ ನಂಗೆ? ಗಾಡೀಲಿ ಇಟ್ಕೊಂಡು ತಿರುಗಾಡ್ತಿದ್ಯಾ?"

ಅಷ್ಟರಲ್ಲಿ ರಂಗಪ್ಪ ಗಾಡಿಯಿಂದ ಡಬ್ಬ ಒಯ್ದು ಮೊದಲ ಕಂಬದ ತೂತಿಗೆ ಬೋಲ್ಟು ಹಿಡಿದು ಅಳತೆ ನೋಡುತ್ತಿದ್ದ. ಅಪ್ಪ ಎದ್ದು ಹೋದರು. ಕಂಬದ ಮೇಲಿನ ಮಳೆನೀರು ಬೆರಳಿಗೆ ತಾಗಿಸಿ ನಾಲಿಗೆಗೆ ಇಟ್ಟುಕೊಂಡರು.

"ತೆಗಿ ಅದನ್ನ" ಅಂದರು ರಂಗಪ್ಪನಿಗೆ.

"ಇಲ್ಲಿ ಉಪ್ಪು ಇಡಲ್ಲ ಯಜಮಾನ್ರೇ..."

"ಇಡಬೇಕಾಗಿಲ್ಲ ಮಾರಾಯ, ಮರದೊಳಗೇ ಇದೆ. ಎಷ್ಟು ಕಾಲದಿಂದ ಕುಡಿದಿದೆಯೋ ಅದು. ಇದಕ್ಕೆ ಕಬ್ಬಿಣ ಆಗಲ್ಲ. ಒಂದ್ಸಲ ಹಾಕಿ ನೋಡಾಗಿದೆ."

ನಾನೂ ಆ ಕಂಬವನ್ನು ನೆಕ್ಕಿ ನೋಡಿದವನೇ. ಹೋಗಿ ಹೋಗಿ ಇವತ್ತು ಮರೆತಿದ್ದೆ. ಬೋಲ್ಟಿನ ಡಬ್ಬ ವಾಪಸ್ ಗಾಡಿಗೆ ಹಾಕಿಸಿದೆ.

ಮೇ 29, ಗುರುವಾರ

ಮನೆಯ ಪಡಸಾಲೆ ತುಂಬ ಮರದ ಸಿಪ್ಪೆ. ಅಪ್ಪ ಕಬ್ಬಿಣ ಉಜ್ಜುವ ತಮ್ಮ ಅರಗಳನ್ನು ಟ್ರಂಕಿನಿಂದ ತೆಗೆದು, ಅದರಲ್ಲೇ ಮರದ ಮೊಳೆ ಉಜ್ಜುತ್ತಾರೆ. ತೂತಿನ ಅಳತೆಗೆ ಒಂದು ತಗಡಿನ ಬಳೆ ಮಾಡಿಕೊಂಡಿದ್ದಾರೆ. ಬಳೆಯಲ್ಲಿ ತೂರದ ಮೊಳೆಯನ್ನು ಮತ್ತೆ ಉಜ್ಜುವುದು, ಸಡಿಲವಾಗಿ ತೂರಿದ್ದನ್ನು ಒಲೆಗೆ ಎಸೆಯುವುದು. ನಿನ್ನೆ ಮಾಡಿದ್ದರಲ್ಲಿ ಮುಕ್ಕಾಲು ಪಾಲು ಒಲೆಗೆ ಹೋಯಿತು. ಇವತ್ತು ಒಂದೆರಡು ಅಷ್ಟೆ. ರಂಗಪ್ಪನ ಹುಡುಗರೂ ಈಗ ಇಲ್ಲೇ ಬಂದು ಕೂರುತ್ತಾರೆ, ಬೈಸಿಕೊಳ್ಳುತ್ತಾರೆ.

ತನುಜಾ ಎಲ್ಲರಿಗೂ ಅವಲಕ್ಕಿ ಕೊಡುತ್ತಾ, "ಬೈಗುಳ ಮನೆ ಬಿಟ್ಟು ಹೋಯ್ತು ಅಂದ್ಕೊಂಡಿದ್ದೆ. ಬರೀ ಬಾಯಿ ಬದಲಾಗಿದೆ" ಅಂದಳು. ಅಪ್ಪ ನಕ್ಕರು. ಅವರು ನಕ್ಕದ್ದನ್ನು ನೋಡಿ ಎಷ್ಟು ದಿನವಾಗಿತ್ತು!

ಜೂನ್ 4, ಬುಧವಾರ

ಬೆಳಿಗ್ಗೆ ಮಳೆ ನಿಂತು ಹೊಳವಾಯಿತು. ಇವತ್ತು ಬಿಟ್ಟರೆ ಇಲ್ಲ ಅಂತ ಎಲ್ಲರನ್ನೂ ಸೇರಿಸಿ, ಹಗ್ಗ ಕಟ್ಟಿ, ಉಪ್ಪಿನ ಕಡೆಯ ಆರೂ ಕಂಬ ನಿಲ್ಲಿಸಿದೆವು. ಬಿಳಿ ಗುರುತು ನೋಡಿ ಮುಖ ತಿರುಗಿಸಿದೆವು. ಒಂದೂ ಅದಲುಬದಲಾಗಲಿಲ್ಲ. ಹಲಸಿನ ತೊಲೆ ಮೇಲೇರಿತು. ತೂತಿಗೆ ತೂತು ಕೂಡಿತು.

ಅಪ್ಪ ಜೇಬಿನಿಂದ ಒಂದು ಮೊಳೆ ತೆಗೆದರು. ಒದ್ದೆಯಾಗದಿರಲೆಂದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದರು. ಏಣಿಯ ಮೇಲಿದ್ದ ನನ್ನ ಕೈಗೆ ಕೊಟ್ಟು, "ಹೊಡಿ" ಅಂದರು.

ಮರದ ಕೊಡತಿಯಲ್ಲಿ ಹೊಡೆದೆ. ಅರ್ಧಕ್ಕೆ ಹೋಯಿತು. ಮತ್ತೆ ಹೊಡೆದೆ. ಒಳಗೆ ಹೋಗಿ ಕೂತ ಸದ್ದು ಕೇಳಿತು. ಆದರೂ ನನಗೆ ಧೈರ್ಯವಿಲ್ಲ, ಇನ್ನೂ ಒಂದು ಏಟು ಹಾಕೋಣವೆಂದು ಕೈ ಎತ್ತಿದೆ.

"ಸಾಕು ಸಾಕು" ಅಂದರು ಅಪ್ಪ ಕೆಳಗಿಂದ. "ಒಣಗಿದ ಮೊಳೆ ಅದು. ಮಳೆಗೆ ಊದಿಕೊಂಡು ತಾನೇ ಬಿಗಿ ಆಗುತ್ತೆ. ನನ್ನ ಪಟ್ಟಿ ಹಂಗಲ್ಲ."

ಸಂಜೆ ಮತ್ತೆ ಮಳೆ. ಅಷ್ಟರಲ್ಲಿ ಆ ಮೂಲೆಗೆ ಹೆಂಚು ಹೊದಿಸಿದ್ದೆವು. ಕಲ್ಲಿನ ದೋಣಿಯನ್ನು ಇಳಿಜಾರಿನ ಕೆಳಗೆ ಇಟ್ಟಿದ್ದೆವು, ಅದರಲ್ಲಿ ಮಾಡಿನ ನೀರು ಬೀಳುತ್ತಿತ್ತು. ಒಳಗೆ ನಾವೆಲ್ಲ ಒಣಗಿಕೊಂಡು ನಿಂತಿದ್ದೆವು. ನಾನು ಪಿಕಪ್ಪಿನಿಂದ ಗೋಣಿ ತಂದು, "ಇದನ್ನ ಗುಜರಿಗೆ ಹಾಕ್ಲಾ ಅಪ್ಪ?" ಅಂತ ಕೇಳಿದೆ.

ಅಪ್ಪ ಸುತ್ತ ನೋಡಿದರು. ಗೋಡೆಯಿಲ್ಲದ, ಇನ್ನೂ ಅರ್ಧ ಮಾಡಿನ ಮಳಿಗೆ, ಒಳಗೆ ಒಂದು ಸರಕೂ ಇಲ್ಲ.

"ಮಳಿಗೆ ಅಂದ್ಮೇಲೆ ಖಾಲಿ ಇರಬಾರ್ದು. ಇಲ್ಲೇ ಇಡು" ಅಂದರು.

ಕಂಬಕ್ಕೆ ತಾಗದ ಹಾಗೆ, ಒಂದು ಹಲಗೆಯ ಮೇಲೆ ಇಟ್ಟೆ. ನಾಳೆ ಅಡಿಕೆ ಕಡೆಯ ಕಂಬ ಎತ್ತಬೇಕು.